ಗಿರಣಿ ಚಾಲೂ ಆದಾಗ
ಕುಷ್ಟಗಿಯ ಮನೆಯಲ್ಲಿ ಕೂತು ಕೊಪ್ಪಳದ ಅಶೋಕ ಶಾಸನಗಳ ಅಧ್ಯಾಯ ಬರೆಯುತ್ತಿದ್ದೆ. ಕಂಪ್ಯೂಟರ್ ಇದ್ದಕ್ಕಿದ್ದಂತೆ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಪ್ರತಿ ಸಲ ಅರ್ಧ ಪುಟ ಮಾಯ. ರ್‍ಯಾಮ್ ತೆಗೆದು ರಬ್ಬರಿನಿಂದ ಉಜ್ಜಿದೆ, ಫ್ಯಾನಿನ ಧೂಳು ಕೊಡವಿದೆ, ವಿಂಡೋಸ್ ಹೊಸದಾಗಿ ಹಾಕಿದೆ. ಈವೆಂಟ್ ವ್ಯೂವರಿನಲ್ಲಿ 'ಕರ್ನಲ್-ಪವರ್ 41' ಎಂಬ ಒಂದೇ ಸಾಲು. ಸರಿಯಾಗಿ ಆಫ್ ಆಗಲಿಲ್ಲ ಎಂದಷ್ಟೇ ಅದರರ್ಥ, ಯಾಕೆಂದು ಹೇಳುವುದಿಲ್ಲ. ಥೇಟ್ ನನ್ನ ಗೈಡಿನ ಟಿಪ್ಪಣಿ.

"ಬಾಜೂಕಿನ ಗಿರಣಿ ಚಾಲೂ ಆದಾಗಷ್ಟ ಬಂದ್ ಬೀಳತೈತಲ್ಲೋ," ಅಂದಳು ಅವ್ವ, ರೊಟ್ಟಿ ಬಡಿಯುತ್ತ.

ಮೋಟರ್ ಶುರುವಾಗುವ ಕ್ಷಣಕ್ಕೆ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ. ನನ್ನ ಯುಪಿಎಸ್ ಬ್ಯಾಟರಿಯೋ ಯಾವಾಗಲೋ ಸತ್ತಿತ್ತು. ಹೊಸದು ತಂದೆ. ಪಾಲ್ಕಿಗುಂಡಿನ ಸವೆದ ಅಕ್ಷರಗಳ ಬಗ್ಗೆ ಬರೆದಿದ್ದ ಪುಟವೊಂದು ಮಾತ್ರ ಇನ್ನೂ ಮೊದಲಿನಂತೆ ಕೂಡಿಬಂದಿಲ್ಲ.