ನನ್ನ ಜಾಝ್ ಪ್ಲೇಟುಗಳು

ಕುಂಬ್ಡಾಜೆಯ ನಮ್ಮ ಮನೆಯ ಅಟ್ಟದಲ್ಲಿ ಎರಡು ಹಲಸಿನ ಮರದ ಪೆಟ್ಟಿಗೆಗಳಿವೆ. ಅವುಗಳಲ್ಲಿ ಸುಮಾರು 140 ಧ್ವನಿಮುದ್ರಿಕೆಗಳಿವೆ. ಅವು ಹಳೆಯ ನಾಟಕದ ಹಾಡುಗಳೋ, ಯಕ್ಷಗಾನದ ಪದಗಳೋ ಆಗಿದ್ದರೆ ನೆರೆಕರೆಯವರು ಮೆಚ್ಚಿಯಾರು. ಆದರೆ ಅವುಗಳಲ್ಲಿ ಬಹುಪಾಲು ಅಮೆರಿಕದ ನೀಗ್ರೋ ಜನಾಂಗದಿಂದ ಹುಟ್ಟಿ ಬಂದ ಜಾಝ್ ಸಂಗೀತದವು. ಕನ್ನಡ ಪಾಠ ಹೇಳುವ ಮಾಸ್ತರನಿಗೆ ಇದೆಲ್ಲಿಯ ಗೀಳು ಎಂದು ಕೇಳದವರಿಲ್ಲ. ಕೇಳಿದವರಿಗೆ ನಾನು ಇಂದಿನವರೆಗೆ ಸರಿಯಾದ ಉತ್ತರ ಕೊಟ್ಟದ್ದೂ ಇಲ್ಲ.

ಗೀಳು ಹಿಡಿಸಿದವರು ನನ್ನ ಭಾವ. ಅವರು ಮುಂಬಯಿಯ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕುಳಿತಿದ್ದವರು. 1973ರ ಬೇಸಗೆಯಲ್ಲಿ ಊರಿಗೆ ಬಂದಾಗ ಬ್ಯಾಟರಿಯಿಂದ ನಡೆಯುವ ಒಂದು ಎಚ್.ಎಂ.ವಿ. ಪೆಟ್ಟಿಗೆಯನ್ನೂ ನಾಲ್ಕಾರು ಪ್ಲೇಟುಗಳನ್ನೂ ತಂದುಕೊಟ್ಟರು. ನಮ್ಮ ಮನೆಗೆ ಆಗಿನ್ನೂ ವಿದ್ಯುತ್ತು ಬಂದಿರಲಿಲ್ಲ. ಸಿನೆಮಾ ಹಾಡುಗಳ ನಡುವೆ ಅದು ಹೇಗೋ ಸೇರಿಕೊಂಡಿತ್ತು, ಡೇವ್ ಬ್ರೂಬೆಕ್ ಎಂಬವರ ‘ಟೈಮ್ ಔಟ್’. 1959ರಲ್ಲಿ ಮುದ್ರಿತವಾದದ್ದು. ಅದಕ್ಕೆ ಒಂದು ವರ್ಷ ಮೊದಲು ಆ ವಾದ್ಯವೃಂದ ನಮ್ಮ ದೇಶಕ್ಕೂ ಬಂದು ನುಡಿಸಿಹೋಗಿತ್ತೆಂದು ನಾನು ತಿಳಿದದ್ದು ಬಹಳ ತಡವಾಗಿ.

ನನ್ನ ಸೋದರಮಾವ ಮೇಳಗಳಲ್ಲಿ ಮದ್ದಳೆ ಬಾರಿಸಿದವರು. ಪಾರ್ತಿಸುಬ್ಬನ ಸೀಮೆಯವರೆಂಬ ಹೆಮ್ಮೆ ಅವರಿಗೆ ತುಸು ಹೆಚ್ಚೇ ಇತ್ತು. ಜಗಲಿಯಲ್ಲಿ ನಾನು ಪ್ಲೇಟು ಇಟ್ಟ ಮೊದಲ ಸಂಜೆ, ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಮುಖ ಸಿಂಡರಿಸಿ, “ಇದೆಂಥ ಗಲಾಟೆ ಮಾರಾಯಾ?” ಎಂದರು. ಆದರೆ ‘ಟೇಕ್ ಫೈವ್’ ಆರಂಭವಾದೊಡನೆ ಸುಣ್ಣದ ಬೆರಳು ಮಣೆಯ ಮೇಲೆ ತಾನಾಗಿಯೇ ಆಡತೊಡಗಿತು. ಎರಡು ಆವರ್ತ ಮುಗಿಯುವಷ್ಟರಲ್ಲಿ, “ಐದರ ಲೆಕ್ಕ. ನಮ್ಮ ಝಂಪೆಯ ದಾಯಾದಿ” ಎಂದು ತೀರ್ಪು ಕೊಟ್ಟರು. ಅದರಲ್ಲಿ ಜೋ ಮೊರೆಲ್ಲೋ ಎಂಬ ಬಡಿತಗಾರ ಒಂಟಿಯಾಗಿ ಬಾರಿಸುವ ಭಾಗವೊಂದಿದೆ. ಆಗ ಪಿಯಾನೋ ಒಂದೇ ತುಣುಕನ್ನು ಮತ್ತೆ ಮತ್ತೆ ಹೇಳುತ್ತ ಕೂತಿರುತ್ತದೆ. ಮಾವ ಪ್ಲೇಟನ್ನು ಇನ್ನೊಮ್ಮೆ ಇಡಿಸಿದರು. “ಆ ಪೆಟ್ಟಿಗೆಯವ ಜಾಗಟೆ ಹಿಡಿದವನ ಕೆಲಸ ಮಾಡುತ್ತಾನೆ, ನೋಡು. ಅವನು ಅಲುಗಿದರೆ ಇವನು ಬಿದ್ದ” ಎಂದರು. ಆ ಮೇಲೆ ನಾನು ಓದಿದ ಯಾವ ಪುಸ್ತಕವೂ ಆ ಪ್ಲೇಟಿನ ಮರ್ಮವನ್ನು ಇಷ್ಟು ಚಿಕ್ಕದಾಗಿ ಹೇಳಲಿಲ್ಲ.

ಜಾಝಿನ ದಾರಿ ನನಗೆ ತಿಳಿದದ್ದು ತಾಳಮದ್ದಳೆಯ ಮೂಲಕವೇ. ಪ್ರಸಂಗದ ಪದ್ಯ ನಿಶ್ಚಿತವಾದದ್ದು. ಭಾಗವತರು ಅದನ್ನು ಹಾಡುತ್ತಾರೆ. ಅರ್ಥವನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ಅರ್ಥಧಾರಿ ಆ ರಾತ್ರಿ, ಎದುರಾಳಿಯ ಮುಖ ನೋಡಿ, ಅಲ್ಲೇ ಕಟ್ಟಬೇಕು. ಜಾಝಿನವರಲ್ಲಿಯೂ ಹಾಗೆಯೇ: ಮೊದಲು ಎಲ್ಲರೂ ಕೂಡಿ ರಾಗದ ಒಂದು ಚೌಕಟ್ಟನ್ನು ನುಡಿಸುತ್ತಾರೆ, ಬಳಿಕ ಒಬ್ಬೊಬ್ಬನೂ ತನ್ನ ಅರ್ಥವನ್ನು ಹೇಳಿ, ಕೊನೆಗೆ ಪದ್ಯಕ್ಕೆ ಮರಳುತ್ತಾರೆ. ಹೋಲಿಕೆ ಇಲ್ಲಿಗೇ ನಿಲ್ಲುತ್ತದೆಂಬುದನ್ನೂ ಬಲ್ಲೆ. ನಮ್ಮಲ್ಲಿ ಇರುವಂತಹ ಪುರಾಣದ ಭಾರ ಅವರ ಮೇಲಿಲ್ಲ, ಅವರ ಬೆನ್ನಿನ ಮೇಲಿರುವ ಗುಲಾಮಗಿರಿಯ ಗಾಯ ನಮಗೆ ಗೊತ್ತಿಲ್ಲ.

ಪ್ಲೇಟು ಕೂಡಿಡುವವನಿಗೆ ನಮ್ಮ ಮಳೆಗಾಲದಂತಹ ಶತ್ರು ಬೇರೊಂದಿಲ್ಲ. ನನ್ನಲ್ಲಿ 78 ಸುತ್ತಿನ ಕೆಲವು ಹಳೆಯ ತಟ್ಟೆಗಳೂ ಇವೆ. ಅವುಗಳಲ್ಲಿ ಅರಗು ಸೇರಿದೆ, ಪಾಂಡವರನ್ನು ಸುಡಲು ಕಟ್ಟಿದ ಮನೆಯದೇ ಅರಗು. ಆ ಕಾಲದಲ್ಲಿ ಜಗತ್ತಿಗೆ ಅರಗನ್ನು ಮುಖ್ಯವಾಗಿ ಒದಗಿಸುತ್ತಿದ್ದುದು ಭಾರತ. ಯುದ್ಧದ ನಿಮಿತ್ತ 1942ರಲ್ಲಿ ಅಮೆರಿಕದ ಸರಕಾರವು ತಟ್ಟೆಗಳಿಗೆ ಅರಗು ಬಳಸುವುದನ್ನು ಬಹುಮಟ್ಟಿಗೆ ಕಡಿತಗೊಳಿಸಿದಾಗ ಅಲ್ಲಿ ಹೊಸ ಮುದ್ರಣಗಳೇ ಕುಗ್ಗಿದವು. ಲೂಯಿ ಆರ್ಮ್‌ಸ್ಟ್ರಾಂಗನ ತುತ್ತೂರಿ ನಮ್ಮ ಕಾಡಿನ ಕೀಟದ ಅಂಟಿನ ಮೇಲೆ ಕೂತು ಊರೂರು ತಿರುಗಿತೆಂದು ನೆನೆದಾಗ ನನಗೆ ನಗು ಬರುತ್ತದೆ. ಈ ತಟ್ಟೆಗಳನ್ನು ಸ್ಪಿರಿಟಿನಿಂದ ಒರಸಬಾರದು, ಅರಗು ಕರಗುತ್ತದೆ. ಮುಂದೆ ಬಂದ 33 ಸುತ್ತಿನವು ಪ್ಲಾಸ್ಟಿಕ್ಕಿನವು. ಬೂಷ್ಟು ಹಿಡಿದರೆ ಸಾಬೂನು ನೀರಿನಿಂದ ತೊಳೆಯಬಹುದು, ಆದರೆ ಬಿಸಿಲಿಗೆ ತೋರಿಸಬಾರದು.

ಈ ಕೊನೆಯ ಮಾತನ್ನು ಕಲಿಯಲು ನಾನು ತೆತ್ತ ಬೆಲೆ ದೊಡ್ಡದು. ಒಂದು ವರ್ಷ ಸೋಣ ತಿಂಗಳಲ್ಲಿ ಬಿಸಿಲು ಇಣುಕಿದೊಡನೆ ಪ್ಲೇಟುಗಳನ್ನು ತೊಳೆದು ಅಂಗಳದಲ್ಲಿ, ಅಡಕೆ ಹರಡಿದಂತೆ, ಸಾಲಾಗಿ ಇಟ್ಟು ಶಾಲೆಗೆ ಹೋದೆ. ಸಂಜೆ ಬಂದು ನೋಡುತ್ತೇನೆ, ಜಾನ್ ಕೋಲ್ಟ್ರೇನನ ‘ಎ ಲವ್ ಸುಪ್ರೀಮ್’ ಬಾಡಿದ ಕೆಸುವಿನ ಎಲೆಯಂತಾಗಿತ್ತು. 1964ರ ಡಿಸೆಂಬರಿನಲ್ಲಿ ಮುದ್ರಿಸಿದ ಕೃತಿಯದು. ಅದರಲ್ಲಿ ಆತ ನಾಲ್ಕೇ ಸ್ವರಗಳ ಒಂದು ತುಣುಕನ್ನು ಶ್ರುತಿಯಿಂದ ಶ್ರುತಿಗೆ ದಾಟಿಸುತ್ತ ನುಡಿಸಿ, ಕೊನೆಗೆ ವಾದ್ಯವನ್ನಿಳಿಸಿ ಅದನ್ನೇ ಬಾಯಲ್ಲಿ ಜಪಿಸುತ್ತಾನೆ. “ಇದು ನಾಮಸಂಕೀರ್ತನೆಯಲ್ಲವೋ!” ಎಂದು ಮಾವ ಒಪ್ಪಿದ್ದ ಪ್ಲೇಟು. ಈಗಲೂ ಇಡುತ್ತೇನೆ. ಮುಳ್ಳು ತೆರೆಯ ಮೇಲಿನ ದೋಣಿಯಂತೆ ಏಳುತ್ತದೆ, ಬೀಳುತ್ತದೆ.

ಸ್ಯಾಕ್ಸೋಫೋನು ಮಾವನಿಗೆ ಪರಕೀಯವಾಗಿ ತೋರದಿರುವುದಕ್ಕೆ ಕಾರಣ ಕದ್ರಿ ಗೋಪಾಲನಾಥರು. ನಾಗಸ್ವರದವರ ಮನೆಯಲ್ಲಿ ಹುಟ್ಟಿ, ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಈ ವಾದ್ಯವನ್ನು ಕಂಡು ಮರುಳಾದವರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ನುಡಿಸಿದರು, 2019ರಲ್ಲಿ ತೀರಿಕೊಂಡರು. ಹೆಸರಿನಲ್ಲಿಯೇ ನಮ್ಮ ಕಡೆಯ ವಾಸನೆಯಿರುವ, ಅಮೆರಿಕದಲ್ಲಿ ಬೆಳೆದ ರುದ್ರೇಶ ಮಹಾಂತಪ್ಪನೆಂಬ ಜಾಝ್ ವಾದಕನಿಗೆ ಅವನ ಅಣ್ಣ ತಮಾಷೆಗೆಂದು ಗೋಪಾಲನಾಥರ ಒಂದು ಮುದ್ರಿಕೆಯನ್ನು ಕೊಟ್ಟನಂತೆ. ತಮಾಷೆ ಅಲ್ಲಿಗೆ ಮುಗಿಯಲಿಲ್ಲ. 2008ರಲ್ಲಿ ಆ ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ ಹೊರಬಂತು. ಒಂದು ಪ್ಲೇಟು ಏನು ಮಾಡಬಲ್ಲುದೆಂದು ನನ್ನನ್ನು ಕೆಣಕುವವರಿಗೆ ಈ ಕಥೆಯನ್ನು ಹೇಳುತ್ತೇನೆ.

ಮಾವ ಕಡೆಯವರೆಗೂ ಒಪ್ಪದೆ ಹೋದದ್ದು ಒಂದನ್ನೇ. 1979ರ ರಜೆಯಲ್ಲಿ ಮುಂಬಯಿಯ ಹಳೆಯ ಸಾಮಾನಿನ ಬೀದಿಯಲ್ಲಿ ನನಗೆ ಆರ್ನೆಟ್ ಕೋಲ್ಮನನ ‘ಫ್ರೀ ಜಾಝ್’ ದೊರೆಯಿತು. 1960ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಎಂಟು ಮಂದಿ ಒಟ್ಟಾಗಿ 37 ನಿಮಿಷ ನುಡಿಸಿದ್ದು. ನಡುನಡುವೆ ಬರುವ ಚಿಕ್ಕ ಚಿಕ್ಕ ತುಣುಕುಗಳನ್ನು ಬಿಟ್ಟರೆ ಪದ್ಯವೆಂಬುದೇ ಇಲ್ಲ, ಅರ್ಥವೇ ಅರ್ಥ. ಮಾವ ಎರಡು ಬದಿಯನ್ನೂ ತಾಳ್ಮೆಯಿಂದ ಕೇಳಿದರು. ಬಳಿಕ, “ಎಂಟು ಅರ್ಥಧಾರಿಗಳು ಒಟ್ಟಿಗೆ ಬಾಯಿ ಬಿಟ್ಟರೆ ಪ್ರಸಂಗ ಯಾವುದೆಂದು ಭಾಗವತನಿಗಾದರೂ ಗೊತ್ತಿರಬೇಡವೋ? ಬಡಿಯುವವ ಒಬ್ಬನೇ, ಅವನಿಗೇ ನಾಲ್ಕು ಕೈ ಇದ್ದ ಹಾಗೆ ಕೇಳುತ್ತದೆ. ಇದು ಸುಳ್ಳು” ಎಂದು ಎದ್ದು ಹೋದರು. ನಾನು ವಾದಿಸಿದೆ. ಆ ರಾತ್ರಿ ಇಬ್ಬರೂ ಮಾತಾಡದೆ ಉಂಡೆವು.

1994ರಲ್ಲಿ ಮಾವ ಹೋದರು. ನಾನು ನಿವೃತ್ತನಾದದ್ದು 2003ರಲ್ಲಿ. ಕೈಗೆ ಬಂದ ಹಣದಲ್ಲಿ ಎರಡು ಧ್ವನಿಪೆಟ್ಟಿಗೆಗಳಿರುವ ಒಳ್ಳೆಯ ಯಂತ್ರವನ್ನು ಕೊಂಡು, ಮೊದಲಿಗೆ ಅದೇ ಪ್ಲೇಟನ್ನು ಇಟ್ಟೆ. ಎಡಗಡೆಯ ಪೆಟ್ಟಿಗೆಯಲ್ಲಿ ನಾಲ್ವರು, ಬಲಗಡೆಯದರಲ್ಲಿ ನಾಲ್ವರು! ಎಂಟು ಮಂದಿಯ ಗುಂಪಲ್ಲ, ಎದುರು ಬದುರಾಗಿ ಕೂತ ಎರಡು ಹಿಮ್ಮೇಳ. ಎಡಕ್ಕೆ ಬಿಲ್ಲಿ ಹಿಗ್ಗಿನ್ಸ್ ಓಡುತ್ತಾನೆ, ಬಲಕ್ಕೆ ಎಡ್ ಬ್ಲ್ಯಾಕ್‌ವೆಲ್ ತಡೆದು ತಡೆದು ಉತ್ತರಿಸುತ್ತಾನೆ. ಕೋಲ್ಮನ್ ಅದನ್ನು ಮುದ್ರಿಸಿದ್ದೇ ಹಾಗೆ. ಒಂದೇ ಬಾಯಿಯ ನನ್ನ ಬ್ಯಾಟರಿ ಪೆಟ್ಟಿಗೆ ಅವರಿಬ್ಬರನ್ನೂ ಒಂದೇ ಗಂಟಲಿಗೆ ತುರುಕಿ ನಮಗೆ ಕೇಳಿಸಿತ್ತು. ನಾಲ್ಕು ಕೈಗಳೆಂದು ಮಾವ ಎಣಿಸಿದ್ದು ಸರಿಯಾಗಿಯೇ ಇತ್ತು.

ಅವರ ಮದ್ದಳೆ ಬಟ್ಟೆ ಸುತ್ತಿ ಅಟ್ಟದಲ್ಲಿದೆ, ಪ್ಲೇಟಿನ ಪೆಟ್ಟಿಗೆಗಳ ಪಕ್ಕದಲ್ಲಿ. ಮಳೆಗಾಲ ಕಳೆದ ಮೇಲೆ ಎರಡನ್ನೂ ಕೆಳಗಿಳಿಸಿ ಬೂಷ್ಟು ಒರಸುತ್ತೇನೆ, ನೆರಳಿನಲ್ಲಿ.