ಕಾರಿಗೊಂದು ಹೊದಿಕೆ

ನಮ್ಮ ಮನೆಯಂಗಳದ ಪೂರ್ವದ ಬದಿಯಲ್ಲಿ ಒಂದು ಹಳೆಯ ಅಂಬಾಸಿಡರ್ ಕಾರು ಇದೆ. 'ಇದೆ' ಎಂದು ವರ್ತಮಾನಕಾಲದಲ್ಲಿ ಬರೆಯಲು ಸಾಧ್ಯವಾದುದೇ ನನಗೊಂದು ಸಮಾಧಾನ. 2020ನೆಯ ಇಸವಿಯ ಮಳೆಗಾಲದಲ್ಲಿ ಅದು 'ಇತ್ತು' ಎಂಬ ಭೂತಕಾಲಕ್ಕೆ ಸಲ್ಲುವುದರಲ್ಲಿತ್ತು. ಹಾಗಾದುದು ಅಲಕ್ಷ್ಯದಿಂದಲ್ಲ, ಅತಿಯಾದ ಅಕ್ಕರೆಯಿಂದ. ಮಳೆಯಿಂದ ಕಾಪಾಡಲೆಂದು ನಾನು ಹೊದೆಸಿದ ಹೊದಿಕೆಯೇ ಅದನ್ನು ತಿಂದಿತು. ಮೂವತ್ತು ವರ್ಷಗಳಿಂದ ಮಕ್ಕಳಿಗೆ ಆವಿ, ಇಬ್ಬನಿ, ತುಕ್ಕು ಎಂದು ಪಾಠ ಹೇಳುತ್ತ ಬಂದ ಮುಖ್ಯೋಪಾಧ್ಯಾಯನೊಬ್ಬನು ಆ ಪಾಠವನ್ನು ಸ್ವತಃ ಕಲಿತುದು ಹೇಗೆಂಬುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಕಾರು 1974ರ ತಯಾರಿ. ನಮ್ಮ ತಂದೆಯವರು ಅದನ್ನು 1981ರಲ್ಲಿ, ಒಂದು ವರ್ಷದ ಅಡಿಕೆಯ ಹಣಕ್ಕೆ ಇನ್ನಷ್ಟು ಸಾಲ ಕೂಡಿಸಿ, ಮಂಗಳೂರಿನ ಒಬ್ಬರಿಂದ ಕೊಂಡರು. ಆಗ ನನಗೆ ಹನ್ನೊಂದು ವರ್ಷ. ನಮ್ಮ ಊರು ಬದಿಯಡ್ಕದಿಂದ ಒಳಗೆ. ಅಂದು ಆ ಭಾಗದಲ್ಲಿ ರಾತ್ರಿ ಒಂಬತ್ತರ ಮೇಲೆ ಯಾರಿಗೆ ಏನಾದರೂ ನಮ್ಮ ಜಗಲಿಯ ಮುಂದೆ ಸೂಟೆಯ ಬೆಳಕು ಕಾಣಿಸಿಕೊಳ್ಳುತ್ತಿತ್ತು. ಹಾವು ಕಚ್ಚಿದವರನ್ನೂ, ಅಡಿಕೆಮರದಿಂದ ಬಿದ್ದವರನ್ನೂ, ಹೆರಿಗೆಯ ಬೇನೆ ತಿನ್ನುವ ಹೆಂಗಸರನ್ನೂ ಹೊತ್ತು, ಕುಂಬಳೆ, ಮಂಜೇಶ್ವರ, ತಲಪಾಡಿ ದಾಟಿ ಆ ಕಾರು ಮಂಗಳೂರಿನ ಆಸ್ಪತ್ರೆಗಳಿಗೆ ಎಷ್ಟು ಸಲ ಓಡಿದೆಯೆಂಬುದಕ್ಕೆ ಲೆಕ್ಕವಿಲ್ಲ. ಬಾಡಿಗೆ ಕೇಳುವ ಅಭ್ಯಾಸ ತಂದೆಯವರಿಗಿರಲಿಲ್ಲ. ಪೆಟ್ರೋಲಿಗೆ ಯಾರಾದರೂ ಕೊಟ್ಟರೆ ಬೇಡವೆನ್ನುವ ಅನುಕೂಲವೂ ಇರಲಿಲ್ಲ.

ಕಾಲ ಬದಲಾಯಿತು. ಊರಿಗೆ ಜೀಪು ಬಂತು, ರಿಕ್ಷಾ ಬಂತು, ಮನೆಮನೆಗೆ ಹೊಸ ಕಾರುಗಳು ಬಂದವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ ದಶಕಗಳ ಕಾಲ ತಯಾರಾಗುತ್ತಿದ್ದ ಅಂಬಾಸಿಡರಿನ ಉತ್ಪಾದನೆಯೂ 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ತಂದೆಯವರು ಕಾರನ್ನು ತೊಳೆದರು, ಬೇರೇನೂ ಹೇಳಲಿಲ್ಲ. ಅದಕ್ಕಾಗಿ ಅವರೇ ಕಟ್ಟಿಸಿದ್ದ ಒಂದು ಮಾಡು ಇತ್ತು. ನಾಲ್ಕು ಕಂಬ, ಮೇಲೆ ಮುಳಿಹುಲ್ಲು, ಸುತ್ತ ಗೋಡೆಯಿಲ್ಲ. 'ಇದೆಂಥ ಕಾರ್ಶೆಡ್ಡು, ಅರ್ಧ ಕೊಟ್ಟಿಗೆ!' ಎಂದು ನಾವು ಮಕ್ಕಳು ನಗುತ್ತಿದ್ದೆವು. 2019ರ ಮಳೆಗಾಲದ ಗಾಳಿಗೆ ಒಂದು ತೆಂಗಿನಮರ ಮುರಿದುಬಿದ್ದು ಆ ಮಾಡು ನೆಲಸಮವಾಯಿತು. ದೈವಕೃಪೆಯಿಂದ ಕಾರು ಆ ದಿನ ಅಂಗಳದ ಇನ್ನೊಂದು ಮಗ್ಗುಲಲ್ಲಿತ್ತು.

ಮಾಡನ್ನು ಮುಂದಿನ ಬೇಸಗೆಯಲ್ಲಿ ಮತ್ತೆ ಕಟ್ಟಿಸುವ ಯೋಚನೆಯಿತ್ತು. ಆದರೆ 2020ರ ಮಾರ್ಚಿನಲ್ಲಿ ಮಹಾಮಾರಿಯ ಕಾರಣದಿಂದ ದೇಶವೇ ಬಾಗಿಲು ಹಾಕಿಕೊಂಡಿತು. ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ನಾಲ್ಕು ದಶಕಗಳಿಂದ ನಾವು ಗಡಿಯೆಂದು ಗಮನಿಸದೆಯೇ ದಾಟುತ್ತಿದ್ದ ಒಂದು ಗೆರೆ ಅಂದು ಗೋಡೆಯಾಯಿತು. ಕೆಲಸದವರು ಸಿಗಲಿಲ್ಲ, ಹೆಂಚು ಬರಲಿಲ್ಲ. ಪತ್ತನಾಜೆ ಸಮೀಪಿಸಿತು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಾಡು ನಮ್ಮದು. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಕಾರನ್ನು ಬಯಲಲ್ಲಿ ಬಿಡುವಂತಿರಲಿಲ್ಲ.

ಅಡಿಕೆಯಂಗಳಕ್ಕೆ ಮಳೆ ಬಂದಾಗ ಮುಚ್ಚುವ ನೀಲಿ ಟರ್ಪಾಲು ಅಟ್ಟದಲ್ಲಿತ್ತು. ಅದನ್ನು ಎರಡು ಪದರವಾಗಿ ಮಡಚಿ ಕಾರಿನ ಮೇಲೆ ಹೊದೆಸಿ, ನೈಲಾನ್ ಹಗ್ಗದಿಂದ ಬಿಗಿದು, ಅಂಚು ಏಳದಂತೆ ಸುತ್ತ ಮುರಕಲ್ಲುಗಳನ್ನು ಇಟ್ಟೆ. ಒಂದು ಹನಿ ನೀರು ಒಳಹೋಗಲು ಎಡೆಯಿರಲಿಲ್ಲ. ಕೆಲಸ ಮುಗಿಸಿ ತುಸು ಹೆಮ್ಮೆಯಿಂದಲೇ ನಿಂತಿದ್ದಾಗ ತಂದೆಯವರು ಜಗಲಿಯಿಂದ ಕೇಳಿದರು:

"ಇಷ್ಟು ಬಿಗಿಯಬೇಕೋ ಮಾರಾಯ? ಅದಕ್ಕೂ ಸ್ವಲ್ಪ ಗಾಳಿ ಬೇಡವೋ?"

"ನೀರು ಹೋದರೆ ತುಕ್ಕು ಹಿಡಿಯುತ್ತದೆ ಅಪ್ಪ. ನೀವು ಒಳಗೆ ಕೂತುಕೊಳ್ಳಿ, ಗಾಳಿಗೆ ಬರಬೇಡಿ," ಎಂದೆ.

ಅವರಿಗೆ ಆಗ ಎಂಬತ್ತು ವರ್ಷ. ಎದೆಯಲ್ಲಿ ಹಳೆಯ ದಮ್ಮು ಇತ್ತು. ಆ ವರ್ಷ ನಾನು ಅವರನ್ನು ತೋಟಕ್ಕೆ ಹೋಗಗೊಡಲಿಲ್ಲ, ನೆರೆಮನೆಯ ಜಗಲಿಗೆ ಹೋಗಗೊಡಲಿಲ್ಲ, ಎಲೆಯಡಿಕೆಗೆ ಬರುತ್ತಿದ್ದ ಹಳೆಯ ಒಕ್ಕಲನ್ನು ಗೇಟಿನಿಂದಲೇ ಮಾತನಾಡಿಸಿ ಕಳುಹಿಸಿದೆ. ಭಯ ಸುಳ್ಳಾಗಿರಲಿಲ್ಲ. ದಿನಕ್ಕೊಂದು ಸಾವಿನ ಸುದ್ದಿ ಕೇಳುತ್ತಿದ್ದ ಕಾಲ ಅದು. ಆಟಿಯ ಮಳೆ ಸುರಿಯುತ್ತಿದ್ದಾಗ ಅವರು ಕಿಟಕಿಯ ಬಳಿ ಕುಳಿತು ನೀಲಿ ಗಂಟನ್ನೇ ನೋಡುತ್ತಿದ್ದರು.

ದೀಪಾವಳಿಗೆ ಮುನ್ನ, ನಾಲ್ಕು ದಿನ ಬಿಸಿಲು ಹರಿದ ಮೇಲೆ, ಹಗ್ಗ ಬಿಚ್ಚಿದೆ. ಟರ್ಪಾಲು ಎತ್ತಿದೊಡನೆ ಮೂಗಿಗೆ ಬಡಿದುದು ಮುಚ್ಚಿದ ಭರಣಿಯಲ್ಲಿ ಹುಳಿತ ವಸ್ತುವಿನ ವಾಸನೆ. ಟರ್ಪಾಲಿನ ಒಳಮೈ ಆಗಲೂ ಒದ್ದೆಯಾಗಿತ್ತು. ಆಸನಗಳ ಮೇಲೆ ಬಿಳಿಯ ಬೂಷ್ಟು. ಡಿಕ್ಕಿಯ ಬಾಗಿಲ ಮೇಲೂ ಬಾಗಿಲುಗಳ ಕೆಳಗಿನ ಹೊಸ್ತಿಲ ಉದ್ದಕ್ಕೂ ಬಣ್ಣವು ಸುಟ್ಟ ಚರ್ಮದಂತೆ ಬೊಬ್ಬೆ ಎದ್ದಿತ್ತು. ಬೆರಳಿನಿಂದ ಒತ್ತಿದರೆ ಒಳಗಿನಿಂದ ಕಂದು ಹುಡಿ ಉದುರಿತು. ಗಾಳಿಗೆ ಟರ್ಪಾಲು ಪಟಪಟನೆ ಬಡಿದಲ್ಲೆಲ್ಲ ಬಾನೆಟ್ಟಿನ ಹೊಳಪು ತಿಕ್ಕಿಹೋಗಿತ್ತು. ಎಂಜಿನಿನ ಮೇಲೆ ಒಂದು ಇಲಿ ತೆಂಗಿನ ನಾರಿನಿಂದ ಸುಖವಾಗಿ ಸಂಸಾರ ಹೂಡಿತ್ತು. ಮಳೆಯ ಒಂದು ಹನಿಯೂ ಒಳಗೆ ಬಂದಿರಲಿಲ್ಲವೆಂಬುದು ಮಾತ್ರ ನಿಜ.

ತಂದೆಯವರು ಹತ್ತಿರ ಬಂದರು. ಗದರಲಿಲ್ಲ. ಹೆಗಲ ಬೈರಾಸಿನಿಂದ ಮುಂದಿನ ಗಾಜನ್ನು ನಿಧಾನವಾಗಿ ಒರಸುತ್ತ ಹೇಳಿದರು:

"ಮಳೆಗೆ ಒದ್ದೆಯಾದದ್ದು ಒಣಗುತ್ತದೆ ಮಗಾ. ಕಟ್ಟಿ ಇಟ್ಟದ್ದು ಒಣಗುವುದಿಲ್ಲ."

ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಏಳನೆಯ ತರಗತಿಗೆ ಕಲಿಸುವ ಪಾಠವೇ ಕಣ್ಣೆದುರು ನಿಂತಿತು. 30 ಡಿಗ್ರಿ ಉಷ್ಣತೆಯ ಗಾಳಿ ಒಂದು ಘನಮೀಟರಿನಲ್ಲಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿರಬಲ್ಲುದು. ಅದೇ ಗಾಳಿ ರಾತ್ರಿ 24 ಡಿಗ್ರಿಗೆ ಇಳಿದರೆ ಹಿಡಿಯಬಲ್ಲುದು 22 ಗ್ರಾಮಿನಷ್ಟು ಮಾತ್ರ. ಉಳಿದ ಎಂಟು ಗ್ರಾಂ ಎಲ್ಲಿಗೆ ಹೋಗಬೇಕು? ತಣ್ಣಗಾದ ಲೋಹದ ಮೈಮೇಲೆ ಹನಿಯಾಗಿ ಕೂಡುತ್ತದೆ. ನನ್ನ ಟರ್ಪಾಲಿನೊಳಗೆ ಅಂಗಳದ ತೇವವು ಹಗಲು ಆವಿಯಾಗಿ ಏರಿತು, ಹೊರಹೋಗಲು ದಾರಿಯಿಲ್ಲದೆ ರಾತ್ರಿ ನೀರಾಗಿ ಇಳಿಯಿತು. ಐದು ತಿಂಗಳು ದಿನಂಪ್ರತಿ ಇದೇ ನಡೆಯಿತು. ಕಬ್ಬಿಣ, ಆಮ್ಲಜನಕ, ನೀರು ಈ ಮೂರೂ ಕೂಡಿದರೆ ತುಕ್ಕು. ಸಮುದ್ರದ ಕಡೆಯ ಉಪ್ಪುಗಾಳಿ ಅದಕ್ಕೆ ಒಗ್ಗರಣೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಒಳಗಿನಿಂದ ಎತ್ತಿ ಬೊಬ್ಬೆ ಮಾಡುತ್ತದೆ.

ಟಿಂಕರಿಂಗಿಗೂ ಬಣ್ಣಕ್ಕೂ ಎರಡು ತಿಂಗಳು ಹಿಡಿಯಿತು. ಹೊಸ್ತಿಲಿನ ಕೊಳೆತ ತಗಡನ್ನು ಕತ್ತರಿಸಿ ಹೊಸತನ್ನು ಬೆಸೆಯಬೇಕಾಯಿತು. ಆ ಖರ್ಚಿನ ಮಾತು ಇಲ್ಲಿ ಬೇಡ. ಆಮೇಲೆ ಸರಿಯಾದ ಹೊದಿಕೆಯನ್ನು ಹುಡುಕಿ ಹೊರಟೆ. ಅಂಗಡಿಯಲ್ಲಿ ಕೇಳಿದರೆ ಎಲ್ಲರದೂ ಒಂದೇ ಮಂತ್ರ: "ನೂರಕ್ಕೆ ನೂರು ವಾಟರ್‌ಪ್ರೂಫ್ ಮಾಸ್ಟ್ರೇ!" ನನ್ನ ಗಾಯಕ್ಕೆ ಅದೇ ಉಪ್ಪು. ನೀರನ್ನು ತಡೆಯುವುದರ ಜೊತೆಗೆ ಆವಿಯನ್ನು ಬಿಡುವ ಬಟ್ಟೆ ಉಂಟೋ ಎಂದು ಕೇಳಿದರೆ ಅಂಗಡಿಯವರು ನನ್ನ ಮುಖ ನೋಡಿದರು. ಕೊನೆಗೆ ಮೂರು ಬಗೆಯ ತುಂಡುಗಳನ್ನು ಮಾದರಿಗೆಂದು ಬೇಡಿ ತಂದೆ.

ತಿಳಿದುದರಿಂದ ತಿಳಿಯದುದಕ್ಕೆ ಹೋಗಬೇಕೆಂದು ಅಧ್ಯಾಪಕ ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಅಡುಗೆಮನೆಯಲ್ಲಿಯೇ ಪರೀಕ್ಷೆ ನಡೆಯಿತು. ಒಂದು ಲೋಟಕ್ಕೆ ಬಿಸಿನೀರು ಹಾಕಿ, ಬಾಯಿಗೆ ಬಟ್ಟೆಯ ತುಂಡನ್ನು ರಬ್ಬರ್ ಬಳೆಯಿಂದ ಬಿಗಿದು, ಅದರ ಮೇಲೆ ಒಣಗಿದ ಗಾಜಿನ ಲೋಟವನ್ನು ಬೋರಲಾಗಿ ಇಟ್ಟೆ. ಹತ್ತು ನಿಮಿಷದಲ್ಲಿ ಮೇಲಿನ ಲೋಟದ ಒಳಮೈ ಮಂಜಾದರೆ ಬಟ್ಟೆ ಆವಿಯನ್ನು ಬಿಡುತ್ತದೆಂದು ಅರ್ಥ. ಬಳಿಕ ಕೆಳಗಿನ ಲೋಟವನ್ನು ಬರಿದು ಮಾಡಿ, ಬಟ್ಟೆಯ ಮೇಲೆ ತಣ್ಣೀರು ನಿಲ್ಲಿಸಿ, ಅದು ಒಳಕ್ಕೆ ತೊಟ್ಟಿಕ್ಕುವುದೋ ಎಂದು ನೋಡಿದೆ.

ಮೊದಲನೆಯದು ದಪ್ಪ ಹತ್ತಿಬಟ್ಟೆ. ಗಾಜು ಬೇಗನೆ ಮಂಜಾಯಿತು, ನೀರೂ ಅಷ್ಟೇ ಬೇಗ ತೊಟ್ಟಿಕ್ಕಿತು. ಕಾರಿನ ಮೈಗೆ ಹತ್ತಿಯಷ್ಟು ಮೃದುವಾದುದು ಇನ್ನೊಂದಿಲ್ಲ. ಆದರೆ ಅದು ನೀರು ಕುಡಿದು ಒದ್ದೆಯಾಗಿ ಅಂಟಿಕೊಂಡರೆ ಹೊದಿಕೆಯಲ್ಲ, ತಣ್ಣೀರುಪಟ್ಟಿ. ಸೂರಿನಡಿ ಧೂಳಿಗೆ ಮಾತ್ರ ಅದು ಯೋಗ್ಯ. ಎರಡನೆಯದು ಬೆಳ್ಳಿಯಂತೆ ಹೊಳೆಯುವ ಲೇಪವುಳ್ಳ ಪಾಲಿಯೆಸ್ಟರ್. ನೀರು ತೊಟ್ಟಿಕ್ಕಲಿಲ್ಲ, ಗಾಜೂ ಮಂಜಾಗಲಿಲ್ಲ. ನನ್ನ ಟರ್ಪಾಲಿನ ಸಿರಿವಂತ ತಮ್ಮ! ಮೂರನೆಯದು ನೋಡಲು ಬಡವನಂತಿತ್ತು. ಎಳೆಗಳನ್ನು ನೇಯದೆ ಒತ್ತಿ ಮಾಡಿದ ಪಾಲಿಪ್ರೊಪಿಲೀನಿನ ಹಲವು ಪದರ, ನಡುವೆ ಸೂಕ್ಷ್ಮ ರಂಧ್ರಗಳ ಒಂದು ತೆಳು ಪೊರೆ. ನೀರಿನ ಹನಿ ದೊಡ್ಡದು, ಆ ರಂಧ್ರಗಳಲ್ಲಿ ನುಸುಳದು. ಆವಿಯ ಕಣ ಅತಿ ಚಿಕ್ಕದು, ಹೊರಗೆ ಹೋಗಬಲ್ಲುದು. ಅದರ ಗಾಜು ಮೆಲ್ಲಮೆಲ್ಲನೆ ಮಂಜಾಯಿತು, ನೀರು ತೊಟ್ಟಿಕ್ಕಲಿಲ್ಲ. ಕೈಯಲ್ಲಿ ಹಿಡಿದು ನೋಡಿದಾಗ ಗುರುತು ಸಿಕ್ಕಿತು. ಆ ವರ್ಷವೆಲ್ಲ ನಾವು ಮೂಗುಬಾಯಿಗೆ ಕಟ್ಟಿಕೊಂಡ ಮಾಸ್ಕಿನದೇ ಕುಲ ಅದು. ಮಾರಿಯನ್ನು ತಡೆಯಬೇಕು, ಉಸಿರನ್ನು ಬಿಡಬೇಕು, ಎರಡೂ ಆಗಬೇಕು.

ಅದಕ್ಕೂ ದೋಷವಿಲ್ಲದಿಲ್ಲ. ಬಿಸಿಲಿಗೆ ಆ ಎಳೆಗಳು ಬೇಗ ಹುಡಿಯಾಗುತ್ತವೆ, ಬಿಸಿಲು ತಾಳುವ ಲೇಪ ಬೆರೆಸಿದುದನ್ನೇ ಕೇಳಿ ಕೊಳ್ಳಬೇಕು. ಒಳಮೈ ಮೃದುವಾಗಿರಬೇಕು, ಕೆನ್ನೆಗೆ ಉಜ್ಜಿ ನೋಡಿದರೆ ತಿಳಿಯುತ್ತದೆ. ಅಳತೆಯೂ ಮುಖ್ಯ. ಸಡಿಲವಾದುದು ಗಾಳಿಗೆ ಬಡಿದು ಬಣ್ಣ ತಿಕ್ಕುತ್ತದೆ, ಅತಿ ಬಿಗಿಯಾದುದು ಮೂಲೆಗಳಲ್ಲಿ ಹರಿಯುತ್ತದೆ. ಅಂಬಾಸಿಡರ್ ಸುಮಾರು ಹದಿನಾಲ್ಕು ಅಡಿ ಉದ್ದ, ಐದೂವರೆ ಅಡಿ ಅಗಲದ, ಬೆನ್ನು ಉಬ್ಬಿದ ಗಜಗಾತ್ರ. ಇಂದಿನ ಚಪ್ಪಟೆ ಕಾರುಗಳ ಹೊದಿಕೆ ಅದಕ್ಕೆ ಕೂಡದು, ಅದರದೇ ಅಳತೆಯದನ್ನು ತರಿಸಬೇಕು.

ಇಷ್ಟೆಲ್ಲ ಸಂಶೋಧನೆ ಮುಗಿಸಿ ತಂದೆಯವರಿಗೆ ವಿವರಿಸಿದೆ. ಅವರು ಸಮಾಧಾನದಿಂದ ಕೇಳಿ, "ಮೊದಲು ಮಾಡು ಕಟ್ಟಿಸು. ಆಮೇಲೆ ಬಟ್ಟೆ," ಎಂದರು. ನಾವು ನಗುತ್ತಿದ್ದ ಆ 'ಅರ್ಧ ಕೊಟ್ಟಿಗೆ'ಯ ಗುಟ್ಟು ಆಗ ಹೊಳೆಯಿತು. ಮೇಲೆ ಮುಳಿ, ಸುತ್ತ ಗಾಳಿ. ಹಿಂದೆ ನಮ್ಮ ಹೆಂಗಸರು ನೇಜಿ ನೆಡುವಾಗ ಬೆನ್ನಿಗೆ ಹೊದ್ದುಕೊಳ್ಳುತ್ತಿದ್ದ ಗೊರಬೆಯೂ ಹಾಗೆಯೇ ಅಲ್ಲವೇ? ಮಳೆ ಬೆನ್ನ ಮೇಲಿನಿಂದ ಜಾರಿಹೋಗುತ್ತದೆ, ಮುಂದುಗಡೆ ತೆರೆದೇ ಇರುತ್ತದೆ, ಮೈ ಬೆವರಿ ಬೇಯುವುದಿಲ್ಲ. ನಾನು ಮಂಗಳೂರಿನ ಅಂಗಡಿಗಳಲ್ಲಿ ಹುಡುಕಿದ ತತ್ತ್ವ ನಮ್ಮ ಗದ್ದೆಯಲ್ಲಿಯೇ ಬಾಗಿ ನಿಂತಿತ್ತು.

2021ರ ಬೇಸಗೆಯಲ್ಲಿ ಹೆಂಚಿನ ಮಾಡು ಎದ್ದಿತು. ಗೋಡೆ ಕಟ್ಟಿಸಲಿಲ್ಲ. ನೆಲಕ್ಕೆ ಜಲ್ಲಿ ಹಾಸಿ ಸಿಮೆಂಟು ಹಾಕಿಸಿದೆವು, ಅಡಿಯಿಂದ ಬರುವ ತೇವ ಅರ್ಧ ಕಡಮೆಯಾಯಿತು. ಓರೆಮಳೆಗೆ ಆ ಮೂರನೆಯ ಬಗೆಯ ಹೊದಿಕೆ. ಈಗ ನಮ್ಮಲ್ಲಿ ಕೆಲವು ನಿಯಮಗಳಿವೆ. ಒದ್ದೆ ಕಾರಿಗೆ ಹೊದೆಸುವುದಿಲ್ಲ. ಎಂಜಿನು ಬಿಸಿಯಿರುವಾಗ ಹೊದೆಸುವುದಿಲ್ಲ. ಧೂಳು ಒರಸದೆ ಹೊದೆಸುವುದಿಲ್ಲ, ಹೊಯಿಗೆಯ ಕಣವೊಂದು ಒಳಗಿದ್ದರೆ ಅದೇ ಅರ. ಎಲ್ಲಕ್ಕಿಂತ ಮುಖ್ಯವಾಗಿ, ವಾರಕ್ಕೊಮ್ಮೆಯಾದರೂ ತೆಗೆದು ಗಾಳಿಗೆ ಬಿಡುತ್ತೇವೆ.

ಆ ದೀಪಾವಳಿಯ ಮರುದಿನದಿಂದ ತಂದೆಯವರೂ ತೋಟಕ್ಕೆ ಹೋಗತೊಡಗಿದರು. ಮುಖಕ್ಕೆ ಮಾಸ್ಕು, ಕೈಯಲ್ಲಿ ಕೋಲು, ಹತ್ತು ಮಾರು ಹಿಂದೆ ನಾನು. ಹಳೆಯ ಒಕ್ಕಲು ಅಂಗಳದ ಆ ತುದಿಯಲ್ಲಿ, ಇವರು ಈ ತುದಿಯಲ್ಲಿ ಕುಳಿತು ಕೂಗಿ ಮಾತನಾಡುತ್ತಿದ್ದರು. ಇಬ್ಬರಿಗೂ ಕಿವಿ ಮಂದ. ಇಡೀ ಕೇರಿಗೆ ಅವರ ಗುಟ್ಟು ತಿಳಿಯುತ್ತಿತ್ತು. ಕಾಯಿಲೆಯ ಭಯ ನನಗೆ ಹೋಗಿರಲಿಲ್ಲ. ಆದರೆ ಕಿಟಕಿಯ ಬಳಿ ಕುಳಿತಿದ್ದ ಆ ಐದು ತಿಂಗಳಲ್ಲಿ ಅವರ ಮೈಯಲ್ಲಿ ಇಳಿದಿದ್ದ ಶಕ್ತಿ ಮತ್ತೆ ಪೂರ್ತಿ ಬರಲಿಲ್ಲವೆಂಬುದನ್ನೂ ನಾನು ಮರೆಯಲಾರೆ. ತಗಡಾದರೆ ಕತ್ತರಿಸಿ ಬೆಸೆಯಬಹುದು.

ಐವತ್ತು ವರ್ಷ ದಾಟಿದ ವಾಹನಗಳನ್ನು 'ವಿಂಟೇಜ್' ಎಂದು ಬೇರೆಯಾಗಿ ನೋಂದಾಯಿಸುವ ನಿಯಮವನ್ನು ಕೇಂದ್ರ ಸರಕಾರ 2021ರ ಜುಲೈಯಲ್ಲಿ ತಂದಿದೆ. ಹಾಗೆ ಮಾಡಿಸಿದರೆ ಗೌರವವೆಂದು ನನ್ನ ಅಳಿಯ ಹೇಳುತ್ತಾನೆ. ಆ ನೋಂದಣಿಯಾದರೆ ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಕೆಲವು ಕಾರಣಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಕಾರನ್ನು ಹೊರಗೆ ತೆಗೆಯುವಂತಿಲ್ಲವೆಂದು ತಿಳಿದಾಗ ತಂದೆಯವರು ತಲೆಯಾಡಿಸಿದರು. "ಅದೂ ಒಂದು ಟರ್ಪಾಲೇ," ಎಂದರು.

ಈಗ ಭಾನುವಾರ ಬೆಳಿಗ್ಗೆ ನಾನು ಹೊದಿಕೆ ತೆಗೆದು ಅಂಗಳದ ಹಗ್ಗಕ್ಕೆ ಹರವುತ್ತೇನೆ. ತಂದೆಯವರು ಕೋಲೂರಿ ಬಂದು ಚಾಲಕನ ಪಕ್ಕದ ಆಸನದಲ್ಲಿ ಕುಳಿತುಕೊಳ್ಳುತ್ತಾರೆ. ನಾಲ್ಕೂ ಗಾಜು ಇಳಿಸಿ, ಮುಖ್ಯರಸ್ತೆಯ ತಿರುವಿನವರೆಗೆ ಹೋಗಿ ಮರಳುತ್ತೇವೆ. ದಾರಿಯಲ್ಲಿ ಕೈಯೆತ್ತುವವರಲ್ಲಿ ಕೆಲವರು ಈ ಕಾರಿನಲ್ಲಿಯೇ ಒಂದು ರಾತ್ರಿ ಮಂಗಳೂರಿಗೆ ಹೋಗಿ ಬದುಕಿ ಬಂದವರು. ಹಿಂದಿರುಗಿದ ಮೇಲೆ ಎಂಜಿನು ತಣಿಯುವವರೆಗೆ ಕಾಯಬೇಕು. ಅಷ್ಟು ಹೊತ್ತು ಅವರು ಇಳಿಯುವುದಿಲ್ಲ, ನಾನೂ ಅವಸರಪಡಿಸುವುದಿಲ್ಲ.