ಹದಿಮೂರನೆಯ ಪಟ

ಕಳೆದ ದೀಪಾವಳಿಯ ರಜೆಯಲ್ಲಿ ಮನೆಗೆ ಸುಣ್ಣ ಬಳಿಸುವ ಸಲುವಾಗಿ ಅಟ್ಟದ ಮೇಲಿನ ಸಾಮಾನುಗಳನ್ನೆಲ್ಲ ಕೆಳಗಿಳಿಸಬೇಕಾಯಿತು. ಅವುಗಳ ನಡುವೆ ತುಕ್ಕು ಹಿಡಿದ ಬಿಸ್ಕೀಟಿನ ಡಬ್ಬಿಯೊಂದು ಹೊರಬಂದಿತು. "ಇದನ್ನ ಮೋಡಕಾದವಗ ಕೊಟ್ಟು ಬಿಡ್ಲೇನ್ರಿ?" ಎಂದು ನನ್ನ ಶ್ರೀಮತಿಯವರು ಕೇಳಿದರು. ಮುಚ್ಚಳ ತೆಗೆದು ನೋಡಿದೆ. ಒಳಗೆ ನಮ್ಮ ಕ್ರಿಕೆಟ್ ಪಟಗಳಿದ್ದವು. ಎಣಿಸಿದೆ, ಹದಿಮೂರು. ಹನ್ನೆರಡೇ ಇರಬೇಕಾಗಿತ್ತು. ಆ ಒಂದು ಹೆಚ್ಚಿನ ಪಟದ ಕಥೆಯನ್ನು ವಾಚಕರ ಮುಂದೆ ಇಡುವುದಕ್ಕಾಗಿಯೇ ಈ ಬರಹ.

ನನ್ನ ಬಾಲ್ಯವೆಲ್ಲ ಮಿರಜದ ರೈಲ್ವೆ ವಸತಿಯಲ್ಲಿ ಕಳೆಯಿತು. ಆಗ ಮಿರಜ ನಿಲ್ದಾಣದಲ್ಲಿ ಮೂರು ಅಳತೆಯ ಹಳಿಗಳಿದ್ದವು. ಪುಣೆಯ ಕಡೆಗೆ ಬ್ರಾಡ್‌ಗೇಜ್, ಬೆಳಗಾವಿ-ಹುಬ್ಬಳ್ಳಿಯ ಕಡೆಗೆ ಮೀಟರ್‌ಗೇಜ್, ಪಂಢರಪುರ-ಕುರ್ಡುವಾಡಿಯ ಕಡೆಗೆ ನ್ಯಾರೋಗೇಜ್. ನಮ್ಮ ವಸತಿಯ ಮಾತೂ ಹಾಗೆಯೇ. ನಮ್ಮ ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮರಾಠಿ, ಅಂಗಳದಲ್ಲಿ ಎರಡೂ ಕೂಡಿದ ಮೂರನೆಯದೊಂದು ಭಾಷೆ. ಪಕ್ಕದ ಮನೆಯ ಹುಡುಗ ನನ್ನ ಓರಗೆಯವನು. ನಾವಿಬ್ಬರೂ ಕೂಡಿಯೇ ಪಟಗಳನ್ನು ಕೂಡಿಹಾಕತೊಡಗಿದೆವು.

ಬಬಲ್‌ಗಮ್ಮಿನ ಪೊಟ್ಟಣದಲ್ಲಿ ಬರುತ್ತಿದ್ದ ಪಟಗಳನ್ನು ಕೊಳ್ಳಲು ನಮ್ಮಲ್ಲಿ ಕಾಸಿರಲಿಲ್ಲ. ಆದುದರಿಂದ ನಾವೇ ತಯಾರಿಸಿದೆವು. ಹಳೆಯ ಪತ್ರಿಕೆಗಳಿಂದ ಆಟಗಾರರ ಚಿತ್ರಗಳನ್ನು ಕತ್ತರಿಸಿ, ಲಗ್ನಪತ್ರಿಕೆಯ ದಪ್ಪ ಕಾಗದಕ್ಕೆ ಮೈದಾಹಿಟ್ಟಿನ ಅಂಟಿನಿಂದ ಹಚ್ಚಿ, ಸುತ್ತಲೂ ಕೆಂಪು ಪೆನ್ಸಿಲಿನಿಂದ ಗೆರೆಯ ಚೌಕಟ್ಟು ಎಳೆಯುತ್ತಿದ್ದೆವು. ಬೆನ್ನಿನ ಮೇಲ್ಭಾಗದಲ್ಲಿ ಅವನು ಮರಾಠಿಯಲ್ಲಿ, ಕೆಳಭಾಗದಲ್ಲಿ ನಾನು ಕನ್ನಡದಲ್ಲಿ ಆಟಗಾರನ ಸಾಧನೆಯನ್ನು ಬರೆಯಬೇಕು. ಅಂಕಿಗಳೂ ಅವರವರ ಲಿಪಿಯಲ್ಲಿಯೇ. ಹೀಗೆ ಇಪ್ಪತ್ತೈದು ಪಟಗಳಾದವು.

ಅಮೇರಿಕೆಯಲ್ಲಿ ಬೇಸ್‌ಬಾಲ್ ಆಟಗಾರರ ಪಟಗಳನ್ನು ಸಂಗ್ರಹಿಸುವುದು ದೊಡ್ಡ ಹವ್ಯಾಸವೆಂದು ನಾನು ಮುಂದೆ ಓದಿದೆ. ಅಲ್ಲಿಯ ಟಾಪ್ಸ್ ಕಂಪನಿ 1952ರಲ್ಲಿ ಹೊರತಂದ 407 ಪಟಗಳ ಮಾಲೆ ಬಹು ಪ್ರಸಿದ್ಧವಾದುದು. ಮುಂಭಾಗದಲ್ಲಿ ಬಣ್ಣದ ಚಿತ್ರ, ಕೆಳಗೆ ಆಟಗಾರನ ಹೆಸರು, ಸಹಿ, ತಂಡದ ಲಾಂಛನ, ಹಿಂಭಾಗದಲ್ಲಿ ಅವನ ಆಟದ ಅಂಕಿಸಂಖ್ಯೆ. ಇದನ್ನು ಓದಿದಾಗ, ಮಿರಜದ ಇಬ್ಬರು ಬಡ ಹುಡುಗರು ಯಾರೂ ಕಲಿಸದೆ ಅದೇ ವಿನ್ಯಾಸಕ್ಕೆ ಬಂದು ಮುಟ್ಟಿದ್ದೆವಲ್ಲ ಎಂದು ಹೆಮ್ಮೆಯೆನಿಸಿತು. ಶಿಕ್ಷಕ ತರಬೇತಿಯಲ್ಲಿ ನಮ್ಮ ಗುರುಗಳು, "ಒಂದು ಮಿಂಚುಪಟ್ಟಿಗೆ ಒಂದೇ ವಿಷಯ, ಕಡೆಯ ಸಾಲಿನ ಮಗುವಿಗೂ ಅದು ಕಾಣಬೇಕು" ಎನ್ನುತ್ತಿದ್ದರು. ಒಳ್ಳೆಯ ಪಟಕ್ಕೂ ಅದೇ ನಿಯಮ.

ಆ ದೃಷ್ಟಿಯಿಂದ ನಮ್ಮ ಚಂದ್ರಶೇಖರರ ಪಟ ಉತ್ತಮವಾದುದು. ಪೋಲಿಯೋದಿಂದ ಸೊರಗಿದ ಬಲಗೈಯನ್ನೇ ಚೌಕಟ್ಟಿನ ನಡುವೆ ಬರುವಂತೆ ಕತ್ತರಿಸಿದ್ದೆವು. 1971ರಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ಹುದ್ದರಿ ಕಿತ್ತ ಕೈ ಅದು. ಗಾವಸ್ಕರರ ಪಟದಲ್ಲಿ ಚೆಂಡೇ ಕಾಣುವುದಿಲ್ಲ. ಕಣ್ಣುಗಳನ್ನು ನೋಡಿದರೆ ಚೆಂಡು ಎಲ್ಲಿದೆಯೆಂದು ತಿಳಿಯುತ್ತದೆ. ಆದರೆ ನನ್ನ ಪ್ರೀತಿಯದು ಭದ್ರಾವತಿಯ ವಿಶ್ವನಾಥರ ಪಟ. ಅವರ ಚೌಕ ಹೊಡೆತದ ಭಂಗಿ ಚೌಕಟ್ಟಿನಲ್ಲಿ ಹಿಡಿಸದೆ ದಾಂಡಿನ ತುದಿ ಕೆಂಪು ಗೆರೆಯನ್ನು ದಾಟಿತ್ತು. ಗೆಳೆಯ ಅದನ್ನು ಕತ್ತರಿಸೋಣವೆಂದ. ನಾನು ಬಿಡಲಿಲ್ಲ. ಗೆರೆ ದಾಟಿದ್ದರಿಂದಲೇ ಆ ಪಟಕ್ಕೆ ಜೀವ ಬಂದಿದೆಯೆಂದು ಈಗಲೂ ನನ್ನ ಅಭಿಪ್ರಾಯ.

ಗಾವಸ್ಕರ ದೊಡ್ಡವರೋ ವಿಶ್ವನಾಥ ದೊಡ್ಡವರೋ ಎಂದು ನಮ್ಮಲ್ಲಿ ಜಗಳವಾಗದ ದಿನವಿರಲಿಲ್ಲ. ಒಮ್ಮೆ ಮಾತು ಆಟವನ್ನು ಬಿಟ್ಟು ಭಾಷೆಗೆ ತಿರುಗಿತು. ಆಗ ನಮ್ಮಪ್ಪ, "ಲೇ, ಅವ್ರಿಬ್ಬರೂ ಬೀಗರು. ಗಾವಸ್ಕರನ ತಂಗೀನ ವಿಶ್ವನಾಥಗ ಕೊಟ್ಟಾರ. ನೀವ್ಯಾಕ ಬಡಿದಾಡ್ತೀರಿ?" ಎಂದು ನಕ್ಕರು. ನಾವು ಬೆಪ್ಪಾದೆವು. ಗಾವಸ್ಕರರು ತಮ್ಮ ಮಗನ ಹೆಸರಿನಲ್ಲಿಯೂ ವಿಶ್ವನಾಥರ ಹೆಸರನ್ನು ಸೇರಿಸಿ ರೋಹನ್ ಜೈವಿಶ್ವ ಎಂದು ಇಟ್ಟಿದ್ದಾರೆಂಬುದು ನನಗೆ ಆಮೇಲೆ ತಿಳಿಯಿತು.

1980ರ ಫೆಬ್ರುವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟ್ ನಡೆಯಿತು. ವಿಶ್ವನಾಥರು ನಾಯಕರು. ಇಂಗ್ಲೆಂಡಿನ ಬಾಬ್ ಟೇಲರ್ ಔಟ್ ಎಂದು ಅಂಪೈರರು ತೀರ್ಪಿತ್ತರೂ, ಚೆಂಡು ದಾಂಡಿಗೆ ತಗಲಿಲ್ಲವೆಂದು ವಿಶ್ವನಾಥರು ಅವರನ್ನು ಮರಳಿ ಕರೆದರು. ಟೇಲರ್ ಬೋಥಮರೊಡನೆ ನಿಂತು ಆಡಿದರು, ಭಾರತ ಸೋತಿತು. ಅವರ ಪಟದ ಬೆನ್ನಿಗೆ ನಾನು ಇದನ್ನೇ ದೊಡ್ಡ ಅಕ್ಷರಗಳಲ್ಲಿ ಬರೆದೆ.

ಅದೇ ವರುಷದ ಬೇಸಿಗೆಯಲ್ಲಿ ಗೆಳೆಯನ ತಂದೆಗೆ ವರ್ಗವಾಯಿತು. ಪಟಗಳನ್ನು ಹಂಚಿಕೊಳ್ಳಲು ಕುಳಿತೆವು. ಇಬ್ಬರಿಗೂ ಹನ್ನೆರಡು ಹನ್ನೆರಡು, ಉಳಿಯುವುದೊಂದು. ಅದು ವಿಜಯ ಹಜಾರೆಯವರ ಪಟ. 1915ರಲ್ಲಿ ನಮ್ಮ ಸಾಂಗಲಿಯಲ್ಲಿಯೇ ಹುಟ್ಟಿದವರು. 1948ರಲ್ಲಿ ಅಡಿಲೇಡಿನಲ್ಲಿ ಬ್ರ್ಯಾಡ್ಮನ್ನರ ತಂಡದೆದುರು ಒಂದೇ ಟೆಸ್ಟಿನ ಎರಡೂ ಸರದಿಗಳಲ್ಲಿ 116 ಮತ್ತು 145 ಹೊಡೆದವರು. 1952ರಲ್ಲಿ ಮದರಾಸಿನಲ್ಲಿ ಭಾರತ ತನ್ನ ಮೊದಲ ಟೆಸ್ಟ್ ವಿಜಯ ಪಡೆದಾಗ ನಾಯಕರಾಗಿದ್ದವರು. ಕಪ್ಪು-ಬಿಳುಪಿನ ಆ ಚಿತ್ರವನ್ನು ತನ್ನ ಅಜ್ಜನ ಹಳೆಯ ಮರಾಠಿ ಮಾಸಿಕದಿಂದ ಗೆಳೆಯನೇ ತಂದಿದ್ದ. ಟೊಪ್ಪಿಗೆಗೆ ನೀಲಿ ಬಣ್ಣವನ್ನೂ ಅವನೇ ತುಂಬಿದ್ದ. ನಾಣ್ಯ ಚಿಮ್ಮಿ ತೀರ್ಮಾನಿಸೋಣವೆಂದ. ನಾನು, "ಅದು ಕಳೆದು ಹೋಗೇತಿ" ಎಂದೆ. ಪಟ ನನ್ನ ಭೂಗೋಲ ಪುಸ್ತಕದೊಳಗಿತ್ತು.

ನಲವತ್ತೈದು ವರುಷಗಳಾದವು. ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ, "ಸುಳ್ಳು ಹೇಳಬಾರದು" ಎಂದು ಎಷ್ಟು ಸಲ ಕರಿಹಲಗೆಯ ಮೇಲೆ ಬರೆಯಿಸಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ದೀಪಾವಳಿಯ ರಜೆ ಮುಗಿದ ಮೇಲೆ ಡಬ್ಬಿಯನ್ನು ಶಾಲೆಗೆ ಒಯ್ದೆ. ಹಜಾರೆಯವರ ಪಟವನ್ನು ತಿರುವಿ ನೋಡಿದ ಹುಡುಗಿಯೊಬ್ಬಳು, "ಗುರೂಜಿ, ಇದಕ್ಕ ಕನ್ನಡ ಯಾಕ ಬರದಿಲ್ಲ?" ಎಂದಳು. ಮೇಲ್ಭಾಗದಲ್ಲಿ ಗೆಳೆಯನ ಮರಾಠಿ ಅಕ್ಷರಗಳಿದ್ದವು. ನನ್ನ ಪಾಲಿನ ಕೆಳಭಾಗ ಖಾಲಿಯಾಗಿತ್ತು. ಕದ್ದ ಪಟದ ಮೇಲೆ ಬರೆಯಲು ನನಗೆ ಎಂದೂ ಕೈ ಬಂದಿರಲಿಲ್ಲ.

ಅಂದೇ ಸಂಜೆ ಬರೆದು ಮುಗಿಸಿದೆ. ಪರಿಚಿತರಿಂದ ವಿಳಾಸ ದೊರಕಿಸಿ, ತಪ್ಪೊಪ್ಪಿಕೊಂಡ ಪತ್ರದೊಡನೆ ಪಟವನ್ನು ಅಂಚೆಗೆ ಹಾಕಿದೆ. ಎಂಟು ದಿನಗಳ ಮೇಲೆ ಫೋನು ಬಂದಿತು. ಅವನ ಕನ್ನಡ ಮಿರಜದ ಅಂಗಳದ ಕನ್ನಡವಾಗಿಯೇ ಉಳಿದಿತ್ತು.

"ನೀ ಮುಚ್ಚಿಟ್ಟಿದ್ದು ನನಗ ಅವತ್ತ ಗೊತ್ತಿತ್ತೋ. ಪುಸ್ತಕದಾಗಿಂದ ಕೆಂಪು ಗೆರಿ ಕಾಣಾಕತ್ತಿತ್ತು."

"ಮತ್ತ ಯಾಕ ಸುಮ್ಮನಿದ್ದಿ?"

"ವಿಶ್ವನಾಥನ ಪಟದ ಹಿಂದ ನೀನ ಬರದಿದ್ದೆಲ್ಲಪ್ಪ, ಅದನ್ನ ಓದಿದ್ದೆ," ಎಂದು ನಕ್ಕ.

ನನ್ನ ಡಬ್ಬಿಯಲ್ಲಿ ಈಗ ಹನ್ನೆರಡೇ ಪಟಗಳಿವೆ. ಮುಂದಿನ ವರುಷ ನಾನು ನಿವೃತ್ತನಾಗುವೆ. ಡಬ್ಬಿಯನ್ನು ಶಾಲೆಗೇ ಬಿಟ್ಟು ಬರಬೇಕೆಂದಿದ್ದೇನೆ.